ಹಿಮ್ಮಡಿಗೂ ಸ್ಕ್ಯಾನಿಂಗೇ?

ಸೋದರಿಯರೇ, ಸ್ಕ್ಯಾನಿಂಗ್ ಅಂದಕೂಡಲೆ ನಿಮಗೆ ಬಸುರಿಯರ ನೆನಪಾಗುತ್ತದೆ, ಅಲ್ಲವೆ? ಯರಗೇರಾದಿಂದ ರಾಯಚೂರಿಗೆ ಸ್ಕ್ಯಾನಿಂಗಿಗೆ ಹೊರಟೆನೆಂದಾಗ ಪಕ್ಕದ ಮನೆಯಾಕೆ, "ಏನಕ್ಕಾ, ಈ ವಯಸ್ಸಿನ್ಯಾಗ?" ಎಂದು ನಕ್ಕೇಬಿಟ್ಟಳು.

ಆದದ್ದಿಷ್ಟು. ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿಗೆ ತುದಿಗಾಲಲ್ಲಿ ನಿಂತು ಕೈ ಚಾಚಿದ್ದೆ. ಹಿಮ್ಮಡಿಯ ಮೇಲೆ ಯಾರೋ ಬಡಿಗೆಯಿಂದ ಬಾರಿಸಿದಂತಾಯ್ತು. ತಿರುಗಿ ನೋಡಿದರೆ ಯಾರೂ ಇಲ್ಲ! ಉಳುಕಿರಬೇಕೆಂದು ಎರಡು ವಾರ ಎಣ್ಣೆ ಹಚ್ಚಿ ತಿಕ್ಕಿಸಿಕೊಂಡೆ. ತಪ್ಪು ನನ್ನದೇ. ಕುಂಟುವುದು ನಿಲ್ಲಲಿಲ್ಲ.

ಮೀನಖಂಡವನ್ನು ಹಿಮ್ಮಡಿಯ ಎಲುಬಿಗೆ ಬಿಗಿಯುವ ದಪ್ಪ ಹುರಿಗೆ ಅಕಿಲಿಸ್ ಸ್ನಾಯುರಜ್ಜು ಎನ್ನುತ್ತಾರೆ. ಎಷ್ಟೇ ಗಟ್ಟಿಯಾದರೂ ಹರಿಯುವುದುಂಟು. ಹೆಚ್ಚಾಗಿ ಹಿಮ್ಮಡಿಯಿಂದ 2ರಿಂದ 6 ಸೆಂ.ಮೀ. ಮೇಲೆ, ರಕ್ತದ ಓಡಾಟ ಕಡಿಮೆಯಿರುವಲ್ಲಿ. ಎಕ್ಸ್‌ರೇಯಲ್ಲಿ ಎಲುಬು ಕಂಡೀತು, ಈ ಹರಕು ಕಾಣದು.

ಬೋರಲು ಮಲಗಿಸಿ, ಪಾದವನ್ನು ಮಂಚದ ಅಂಚಿನಾಚೆ ಇಳಿಬಿಟ್ಟರು. ತಣ್ಣನೆಯ ಜೆಲ್ ಸವರಿ, ಉಪಕರಣ ಆಡಿಸುತ್ತ, ಪಾದವನ್ನು ಮೆಲ್ಲಗೆ ಮೇಲೆ ಕೆಳಗೆ ಬಾಗಿಸಿದರು. ಹರಿದ ತುದಿಗಳು ಅಗಲುವುದು ಆಗ ತೆರೆಯ ಮೇಲೆ ಕಾಣುತ್ತದೆ. ಬರೀ ಶಬ್ದತರಂಗ, ವಿಕಿರಣವಿಲ್ಲ. ಸಾಮಾನ್ಯವಾಗಿ 4ರಿಂದ 6 ಮಿ.ಮೀ. ದಪ್ಪವಿರುವ ಹುರಿ ನನ್ನಲ್ಲಿ 9 ಆಗಿ, ಅರ್ಧ ಹರಿದಿತ್ತು. ಎದುರು ಗೋಡೆಯ ಮೇಲೆ ಭ್ರೂಣದ ಲಿಂಗ ತಿಳಿಸುವುದಿಲ್ಲವೆಂಬ ಫಲಕ! 1994ರ ಕಾನೂನು, ಹಿಮ್ಮಡಿ ತೋರಿಸಲು ಬಂದವಳಿಗೂ ಅದೇ. ನೋವಿನಲ್ಲೂ ನಗು ಬಂತು.

ನಿಮಗೂ ಹೀಗೆ ಏಟು ಬಿದ್ದಂತಾಗಿ, ತುದಿಗಾಲಲ್ಲಿ ನಿಲ್ಲಲಾಗದಿದ್ದರೆ ತಿಕ್ಕಿಸಬೇಡಿ, ಬೇಗ ತೋರಿಸಿ. ಸಿಪ್ರೊಫ್ಲಾಕ್ಸಾಸಿನ್‌ನಂಥ ಮಾತ್ರೆ ನುಂಗಿದ್ದರೆ ಅದನ್ನೂ ವೈದ್ಯರಿಗೆ ಹೇಳಿ; ಅದರಿಂದಲೂ ಈ ಹುರಿ ಹರಿಯುವುದುಂಟು. ನನ್ನದು ಆಪರೇಷನ್ನಿಲ್ಲದೆ, ಪಟ್ಟಿ ಕಟ್ಟಿಸಿಕೊಂಡೇ ಕೂಡುತ್ತಿದೆ. ಭರಣಿಯನ್ನು ಮಗ ಕೆಳಗಿಳಿಸಿಟ್ಟಿದ್ದಾನೆ.