ಶಾಲು ಹೊದಿಸಿದರೆ ಮುಗಿಯಿತೇ ನಮ್ಮ ಹೊಣೆ?

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದ ಮೇಲೂ ಸಹಾಬಿಗಳ ಮೇಲೂ ಶಾಂತಿ ಇರಲಿ.



ಪ್ರವಾದಿ(ಸ) ಮದೀನಕ್ಕೆ ಬಂದಾಗ ಝೈದ್ ಬಿನ್ ಸಾಬಿತ್(ರ) ಸುಮಾರು ಹನ್ನೊಂದು ವರ್ಷದ ಹುಡುಗ. ತಂದೆ ಇರಲಿಲ್ಲ. ಆದರೂ ಕುರ್‌ಆನಿನ ಹಲವು ಸೂರಾಗಳು ಅವರಿಗೆ ಬಾಯಿಪಾಠವಾಗಿದ್ದವು. ಅವರ ಜನರು ಆ ಹುಡುಗನನ್ನು ಪ್ರವಾದಿ(ಸ)ಯವರ ಮುಂದೆ ಕರೆತಂದು ನಿಲ್ಲಿಸಿದರು. ಪ್ರವಾದಿ(ಸ) ಕೇಳಿ ಸಂತೋಷಪಟ್ಟರು. ಆದರೆ ಮೆಚ್ಚಿ ಸುಮ್ಮನಾಗಲಿಲ್ಲ, ಯಹೂದಿಯರ ಲಿಪಿಯನ್ನು ಕಲಿಯುವಂತೆ ಅವರಿಗೆ ಹೇಳಿದರು. ಝೈದ್(ರ) ಸುಮಾರು ಹದಿನೈದು ದಿನಗಳಲ್ಲಿ ಅದನ್ನು ಕಲಿತು, ಪ್ರವಾದಿ(ಸ)ಯವರ ಪತ್ರಗಳನ್ನು ಓದುವ, ಬರೆಯುವ ಹೊಣೆ ಹೊತ್ತರು ಎಂದು ಹದೀಸ್ ವರದಿಗಳಲ್ಲಿದೆ. ಮುಂದೆ ಹಝ್ರತ್ ಅಬೂಬಕರ್(ರ) ಅವರ ಕಾಲದಲ್ಲಿ ಕುರ್‌ಆನ್ ಸಂಗ್ರಹದ ಮಹಾಕಾರ್ಯ ಬಂದದ್ದೂ ಇವರ ಪಾಲಿಗೇ.

ಈ ಘಟನೆಯಲ್ಲಿ ಮೂರು ಕೆಲಸಗಳಿವೆ. ಮಗುವಿನ ಪ್ರತಿಭೆಯನ್ನು ಗುರುತಿಸಿದರು. ಮುಂದೆ ತಂದರು. ಮುಂದಿನ ಹೆಜ್ಜೆಯನ್ನು ತೋರಿಸಿ ಕೊನೆಯವರೆಗೂ ಜೊತೆಗಿದ್ದರು. ನಾವು ಮೊದಲಿನ ಎರಡನ್ನು ಮಾಡುತ್ತೇವೆ, ಮೂರನೆಯದನ್ನು ಮರೆಯುತ್ತೇವೆ.

ನಮ್ಮ ಕಣ್ಣೆದುರೇ ಆದ ಒಂದು ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಬ್ಬ ಹೆಣ್ಣುಮಗಳು ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಪಡೆದಳು. ತಂದೆ ಕಬ್ಬಿನ ಗದ್ದೆಯಲ್ಲಿ ದುಡಿಯುವವರು. ಜಮಾಅತ್‌ನಿಂದ ನಾವು ಸನ್ಮಾನ ಮಾಡಿದೆವು, ಶಾಲು ಹೊದಿಸಿದೆವು, ಫೋಟೋ ತೆಗೆಸಿಕೊಂಡೆವು. ಆಮೇಲೆ ಎರಡು ವರ್ಷ ಆ ಮನೆಯ ಕಡೆ ನಾವ್ಯಾರೂ ಹೋಗಲಿಲ್ಲ. ಅವಳು ಹತ್ತನೆಯವರೆಗೂ ಹಳ್ಳಿಯಲ್ಲೇ, ಕನ್ನಡ ಮಾಧ್ಯಮದಲ್ಲೇ ಓದಿದವಳು. ಆದರೆ ಸಿಇಟಿ ಅರ್ಜಿಯಲ್ಲಿ ಗ್ರಾಮೀಣ, ಕನ್ನಡ ಮಾಧ್ಯಮ, 2ಬಿ ಈ ಮೂರು ಕಡೆಯೂ ‘ಇಲ್ಲ’ ಎಂದು ತುಂಬಿಹೋಗಿತ್ತು. ಗೊತ್ತಾದಾಗ ತಿದ್ದುವ ದಿನ ಕಳೆದಿತ್ತು. ಸಿಗಬಹುದಾಗಿದ್ದ ಸೀಟು ಸಿಗಲಿಲ್ಲ. ಓದುವ ಕೆಲಸವನ್ನು ಆ ಮಗು ಮಾಡಿತ್ತು, ಕೇಳುವ ಕೆಲಸವನ್ನು ನಾವು ಮಾಡಲಿಲ್ಲ. ಅಲ್ಲಾಹನು ನಮ್ಮನ್ನು ಕ್ಷಮಿಸಲಿ.

ವರ್ಷವಿಡೀ ಏಕೆ?

ಅಲ್ಪವಾದರೂ ನಿರಂತರವಾಗಿ ನಡೆಯುವ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯ ಎಂಬ ಪ್ರವಾದಿ(ಸ)ಯವರ ಬೋಧನೆಯನ್ನು ನಮಾಝ್, ತಿಲಾವತ್‌ನ ವಿಷಯದಲ್ಲಿ ಹೇಳುತ್ತೇವೆ. ಓದಿಗೂ ಅದು ಅನ್ವಯಿಸುತ್ತದೆ. ಪರೀಕ್ಷೆಗೆ ತಿಂಗಳಿರುವಾಗ ನಡೆಸುವ ಶಿಬಿರದಿಂದ ಐದು ವರ್ಷದ ಗಣಿತದ ಕೊರತೆ ತುಂಬುವುದಿಲ್ಲ. ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆಯಂತೆ ವರ್ಷವಿಡೀ ನಡೆದರೆ ತುಂಬುತ್ತದೆ.

ಇದು ಬರೀ ಮಾತಲ್ಲ. ಬೀದರಿನ ಶಾಹೀನ್ ಸಂಸ್ಥೆ 1989ರಲ್ಲಿ ಆರಂಭವಾದಾಗ ಅಲ್ಲಿದ್ದದ್ದು ಕೇವಲ 18 ಮಕ್ಕಳು. ಇಂದು ಕುರ್‌ಆನ್ ಕಂಠಪಾಠ ಮುಗಿಸಿದ ಹಾಫಿಝ್ ಮಕ್ಕಳಿಗೂ ಅಲ್ಲಿ ಗಣಿತ, ವಿಜ್ಞಾನ ಕಲಿಸಿ ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಸಿದ್ಧಗೊಳಿಸುತ್ತಾರೆ. ಬಿಹಾರದಲ್ಲಿ ಮೌಲಾನಾ ವಲೀ ರಹ್ಮಾನಿಯವರು 2008ರಲ್ಲಿ ‘ರಹ್ಮಾನಿ 30’ ಆರಂಭಿಸಿ ಬಡ ಮಕ್ಕಳನ್ನು ಐಐಟಿ ಪ್ರವೇಶಕ್ಕೆ ತಯಾರು ಮಾಡಿದರು. ಅಮೆರಿಕದಲ್ಲಿ 1965ರಿಂದ ‘ಅಪ್‌ವರ್ಡ್ ಬೌಂಡ್’ ಎಂಬ ಸರಕಾರಿ ಯೋಜನೆಯಿದೆ. ಕಾಲೇಜು ಮೆಟ್ಟಿಲು ಹತ್ತದ ತಂದೆ–ತಾಯಿಯ ಬಡ ಮಕ್ಕಳಿಗೆ ಶಾಲಾ ದಿನಗಳಲ್ಲಿ ಹೆಚ್ಚಿನ ಪಾಠ, ಬೇಸಿಗೆಯಲ್ಲಿ ಕಾಲೇಜಿನಲ್ಲೇ ಉಳಿದು ಕಲಿಯುವ ಅವಕಾಶ ಕೊಡುತ್ತಾರೆ. ಎಲ್ಲ ಕಡೆಯೂ ಬೇಗ ಆರಂಭಿಸಿ, ನಡುವೆ ಬಿಡದೆ ನಡೆಸಿದ್ದಾರೆ.

ಯಾವ ತರಗತಿಯಲ್ಲಿ ಯಾವ ಬಾಗಿಲು?

ಐದನೇ ತರಗತಿ: ಜವಾಹರ್ ನವೋದಯ ವಿದ್ಯಾಲಯದ ಪ್ರವೇಶ ಪರೀಕ್ಷೆ ಇರುವುದು ಈ ತರಗತಿಯಲ್ಲಿ ಓದುವವರಿಗೆ. ನಮ್ಮ ಜಿಲ್ಲೆಯ ನವೋದಯ ಚಿಕ್ಕೋಡಿ ತಾಲ್ಲೂಕಿನ ಕೋಥಳಿಯಲ್ಲಿದೆ. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅರ್ಧದಷ್ಟು ಅಂಕ ಬುದ್ಧಿಶಕ್ತಿಯ ಪ್ರಶ್ನೆಗಳಿಗೆ, ಉಳಿದದ್ದು ಲೆಕ್ಕ ಮತ್ತು ಭಾಷೆಗೆ. ಕನಿಷ್ಠ ಶೇ. 75 ಸೀಟು ಗ್ರಾಮೀಣ ಮಕ್ಕಳಿಗೆ. ಪರೀಕ್ಷೆ ಬರೆಯಲು ಒಂದೇ ಅವಕಾಶ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಪ್ರವೇಶವೂ ಆರನೇ ತರಗತಿಗೇ.

ಎಂಟನೇ ತರಗತಿ: ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆ. ಸರಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಇದು ದೊಡ್ಡ ಅವಕಾಶ. ಏಳನೆಯಲ್ಲಿ ಶೇ. 55 ಅಂಕ ಇರಬೇಕು, ಮನೆಯ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು. ತಲಾ 90 ಪ್ರಶ್ನೆಗಳ ಎರಡು ಪತ್ರಿಕೆ. ಆಯ್ಕೆಯಾದರೆ ಒಂಬತ್ತನೆಯಿಂದ ಪಿಯು ಎರಡನೇ ವರ್ಷದವರೆಗೆ ವರ್ಷಕ್ಕೆ 12,000 ರೂಪಾಯಿ, ಅಂದರೆ ಒಟ್ಟು 48,000. ಆದರೆ ಪ್ರತಿ ವರ್ಷ ಪೋರ್ಟಲ್‌ನಲ್ಲಿ ನವೀಕರಣ ಮಾಡಿಸಬೇಕು. ಗೆದ್ದ ಮಕ್ಕಳೂ ಇಲ್ಲಿ ಸೋಲುತ್ತಾರೆ.

ಪಿಯು ವಿಜ್ಞಾನ: ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವ ಪ್ರಶ್ನೆಯನ್ನೂ ಬಿಡಬಾರದು. ನೀಟ್‌ನಲ್ಲಿ ಹಾಗಲ್ಲ, ಪ್ರತಿ ತಪ್ಪಿಗೆ ಒಂದು ಅಂಕ ಹೋಗುತ್ತದೆ. ಸೀಟು ಸಿಕ್ಕ ಮೇಲೆ ಶುಲ್ಕಕ್ಕೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಯೋಜನೆಯನ್ನೂ ವಿಚಾರಿಸಬೇಕು.

ಕಾಗದಪತ್ರದ ಮಾತು

ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇ. 15 ಗ್ರಾಮೀಣ ಮೀಸಲಾತಿ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಬೇರೆ ಇದೆ. ಉರ್ದು ಶಾಲೆಯ ಮಕ್ಕಳಿಗೆ ಎರಡನೆಯದು ಬರುವುದಿಲ್ಲ, ಮೊದಲನೆಯದು ಬರುತ್ತದೆ. ಶಾಲೆಯ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿ ಬೇಕು.

ಗಡಿ ಭಾಗದ ನಮಗೆ ಇನ್ನೊಂದು ಎಚ್ಚರಿಕೆ. ದಡ್ಡಿಯ ಸುತ್ತಿನ ಕುಟುಂಬಗಳು ಕೆಲಸಕ್ಕೆಂದು ಮಹಾರಾಷ್ಟ್ರಕ್ಕೆ ಹೋದಾಗ ಮಕ್ಕಳನ್ನು ಅಲ್ಲಿಯ ಶಾಲೆಗೆ ಸೇರಿಸುವುದುಂಟು. ಸಿಇಟಿಯ ಸಾಮಾನ್ಯ ನಿಯಮದಂತೆ ಒಂದನೆಯಿಂದ ಪಿಯು ಎರಡನೆಯವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಏಳನೆಯವರೆಗೆ ಅಲ್ಲಿ ಓದಿ ಎಂಟನೆಗೆ ಬಂದವರಿಗೆ ಐದೇ ವರ್ಷ ಆಗುತ್ತದೆ. ತಂದೆ ಅಥವಾ ತಾಯಿ ಇಲ್ಲಿ ಓದಿದ್ದರೆ ಬೇರೆ ದಾರಿಯಿದೆ, ಆದರೆ ಅದಕ್ಕೂ ಅವರ ಶಾಲಾ ದಾಖಲೆ ತೋರಿಸಬೇಕು. ನಿಯಮಗಳು ಬದಲಾಗಬಹುದು, ಆಯಾ ವರ್ಷದ ಪ್ರಕಟಣೆಯನ್ನು ಓದಿ.

ಹೆಸರಿನ ತಕರಾರು ನಮ್ಮ ಮಕ್ಕಳಿಗೆ ಹೆಚ್ಚು. ಆಧಾರ್‌ನಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು, ಬ್ಯಾಂಕಿನಲ್ಲಿ ಮತ್ತೊಂದು. ‘ಶೇಖ್’ ಮುಂದಿದೆಯೋ ಹಿಂದಿದೆಯೋ ಎಂಬುದಕ್ಕೇ ಹಣ ನಿಂತುಹೋಗುತ್ತದೆ. ಎಂಟನೇ ತರಗತಿಗೆ ಮುಂಚೆಯೇ ಸರಿಪಡಿಸಿಕೊಳ್ಳಿ.

ಹಣ ಮತ್ತು ಝಕಾತ್

ಬಡ ವಿದ್ಯಾರ್ಥಿಗೆ ಝಕಾತ್ ಕೊಡಬಹುದೇ ಎಂದು ಕೇಳುತ್ತೀರಿ. ಝಕಾತ್‌ಗೆ ಅರ್ಹನಾದ ಬಡವನಾಗಿದ್ದರೆ ಖಂಡಿತ ಕೊಡಬಹುದು. ಆದರೆ ಹನಫಿ ಫಿಕ್ಹ್ ಪ್ರಕಾರ ಹಣವನ್ನು ಅವನ ಒಡೆತನಕ್ಕೆ ಒಪ್ಪಿಸಬೇಕು. ಶುಲ್ಕ, ಪುಸ್ತಕದ ಹಣ ಅವನ ಕೈ ಸೇರಲಿ. ಬೆಂಚು, ದೀಪ, ಕೋಣೆಯ ದುರಸ್ತಿಗೆ ಝಕಾತ್ ಸಲ್ಲದು, ಅದಕ್ಕೆ ಸದಕಾ ಮತ್ತು ಇತರ ದೇಣಿಗೆ ಬಳಸಬೇಕು.

ನಾವು ಮಾಡಬಹುದಾದದ್ದು

ಬೆಳಿಗ್ಗೆ ಮಕ್ತಬ್ ನಡೆಯುವ ಕೋಣೆ ಸಂಜೆ ಖಾಲಿಯಿರುತ್ತದೆ. ವಾರಕ್ಕೆ ಮೂರು ದಿನ ಮಗ್ರಿಬ್‌ನಿಂದ ಇಶಾವರೆಗೆ ಗಣಿತ, ವಿಜ್ಞಾನ, ಇಂಗ್ಲಿಷ್ ನಡೆಯಲಿ. ರಮಝಾನಿನಲ್ಲಿ ಫಜ್ರ್ ಬಳಿಕಕ್ಕೆ ಬದಲಿಸೋಣ. ಹೆಣ್ಣುಮಕ್ಕಳಿಗೆ ಹಗಲು ಹೊತ್ತಿನಲ್ಲಿ, ಶಿಕ್ಷಕಿಯರ ಜೊತೆ ಪ್ರತ್ಯೇಕ ಸಮಯ ಇರಲಿ. ಕಬ್ಬು ಕಡಿಯುವ ತಿಂಗಳುಗಳಲ್ಲಿ ಮಕ್ಕಳು ತಪ್ಪಿಸಿಕೊಂಡರೆ ಮನೆಗೆ ಹೋಗಿ ಕೇಳೋಣ. ನೆರೆಯ ಹಿಂದೂ ಮನೆಯ ಮಗು ಬಂದರೆ ಅದಕ್ಕೂ ಅದೇ ಚಾಪೆ, ಅದೇ ಪಾಠ. ಜಮಾಅತ್‌ನ ಓದಿದ ಯುವಕರು ತಲಾ ಇಬ್ಬರು ಮಕ್ಕಳ ಹೊಣೆ ಹೊರಲಿ. ಅರ್ಜಿ, ದಿನಾಂಕ, ನವೀಕರಣವನ್ನೆಲ್ಲ ಒಂದು ವಹಿಯಲ್ಲಿ ಬರೆದಿಡೋಣ. ಪ್ರತಿ ತಿಂಗಳ ಮೊದಲ ಜುಮಾ ಬಳಿಕ ಆ ವಹಿಯನ್ನು ತೆರೆದು ನೋಡೋಣ.

ಸನ್ಮಾನ ಬೇಡವೆಂದು ನಾವು ಹೇಳುತ್ತಿಲ್ಲ. ಶಾಲು ಹೊದಿಸಿದ ಮರುದಿನವೇ ಆ ಮನೆಗೆ ಹೋಗಿ, ಮುಂದೇನು ಎಂದು ಕೇಳೋಣ.

ಓ ಅಲ್ಲಾಹ್, ನಮ್ಮ ಮಕ್ಕಳಿಗೆ ಪ್ರಯೋಜನಕಾರಿ ಜ್ಞಾನವನ್ನು ಕೊಡು. ನೀನು ನಮಗೆ ಒಪ್ಪಿಸಿದ ಈ ಅಮಾನತ್ತನ್ನು ಕಾಯುವ ತೌಫೀಕ್ ಕರುಣಿಸು. ಆಮೀನ್.