ಬೇರೆ ಹೆಸರಿನಲ್ಲಿ ಪರದೆಗೆ ಬಂದವರು: ಯಹೂದಿಗಳು, ಸಿನಿಮಾ ಮತ್ತು ನಾವು

ನಮ್ಮೂರು ಖಟಕ ಚಿಂಚೋಳಿ. ಬೀದರ್ ಜಿಲ್ಲೆ, ಭಾಲ್ಕಿ ತಾಲ್ಲೂಕು. ಹಾಸ್ಟೆಲ್‌ಗೆ ಬಂದ ಮೊದಲ ದಿನ ಊರು ಯಾವುದು ಅಂತ ಕೇಳಿದಾಗ "ಚಿಂಚೋಳಿ" ಅಂದೆ. "ಓ, ಕಲಬುರಗಿ ಜಿಲ್ಲೆದಾ?" ಅಂದ್ರು. "ಅಲ್ರಿ, ಅದು ಬ್ಯಾರೆ. ನಮ್ದು ಖಟಕ ಚಿಂಚೋಳಿ" ಅಂದೆ. ಇಡೀ ರೂಮು ನಕ್ಕಿತು. ಊರಿನ ಹೆಸರಿಗೆ ನಕ್ಕರೋ, ನಾನು ಹೇಳಿದ ಧಾಟಿಗೆ ನಕ್ಕರೋ ಗೊತ್ತಾಗಲಿಲ್ಲ. ಆಮೇಲೆ ಒಂದು ಸೆಮಿಸ್ಟರ್ ಪೂರ್ತಿ ನಾನು ಟಿವಿ ಕನ್ನಡ ಮಾತಾಡಿದೆ. "ಹೋಗ್ಲತ್ತೀನಿ" ಬಿಟ್ಟು "ಹೋಗ್ತಾ ಇದ್ದೀನಿ" ರೂಢಿ ಮಾಡಿಕೊಂಡೆ.

ಈ ಮಾತು ಯಾಕೆ ಬಂತು ಅಂದ್ರೆ, ಒಂದು ಶನಿವಾರ ರಾತ್ರಿ ನಾವು ಏಳೆಂಟು ಜನ ಲ್ಯಾಪ್‌ಟಾಪ್ ಮುಂದೆ ಕೂತು 'ಶಿಂಡ್ಲರ್ಸ್ ಲಿಸ್ಟ್' (1993) ನೋಡಿದೆವು. ಮೂರು ತಾಸಿಗಿಂತ ಜಾಸ್ತಿ ಉದ್ದದ ಕಪ್ಪು-ಬಿಳುಪು ಸಿನಿಮಾ. ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಕೇಳಿದ: "ನಮ್ಮ ದೇಶದಾಗ ಯಹೂದಿಗಳು ಇದ್ದಾರೇನೋ? ಇದ್ರ ಅವರ ಮ್ಯಾಲೆ ನಮ್ಮವರು ಯಾಕೆ ಸಿನಿಮಾ ಮಾಡಿಲ್ಲ?"

ಉತ್ತರ ಹುಡುಕಲು ಹೊರಟೆ. ಯಹೂದಿಗಳು ಇದ್ದರು, ಈಗಲೂ ಕೆಲವು ಸಾವಿರ ಜನ ಇದ್ದಾರೆ. ಅವರನ್ನು ನಾವೆಲ್ಲ ಹಿಂದಿ ಸಿನಿಮಾದಲ್ಲಿ ನೋಡಿಯೂ ಇದ್ದೇವೆ. ಅವರು ಯಹೂದಿಗಳು ಅಂತ ನಮಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಶನಿವಾರ ಗಾಣ ನಿಲ್ಲಿಸಿದವರು

ಭಾರತದಲ್ಲಿ ಮುಖ್ಯವಾಗಿ ಮೂರು ಯಹೂದಿ ಸಮುದಾಯಗಳು. ಕೇರಳದ ಕೊಚ್ಚಿಯವರು ಒಂದು. ಇರಾಕ್ ಮತ್ತು ಸುತ್ತಲ ದೇಶಗಳಿಂದ ವ್ಯಾಪಾರಕ್ಕೆ ಬಂದು ಮುಂಬೈ, ಪುಣೆ, ಕೋಲ್ಕತ್ತದಲ್ಲಿ ನೆಲೆಸಿದ ಬಾಗ್ದಾದಿಗಳು ಇನ್ನೊಂದು. ಮೂರನೆಯವರು ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಜನ.

ಈ ಬೆನೆ ಇಸ್ರೇಲರ ಕಥೆ ನಮ್ಮ ಭಾಲ್ಕಿ, ಔರಾದ್ ಕಡೆಯವರಿಗೆ ಬೇಗ ಅರ್ಥ ಆಗ್ತದೆ. ಅವರ ಮನೆಮಾತು ಮರಾಠಿ. ಹಡಗು ಒಡೆದು ಅಲಿಬಾಗ್ ಹತ್ತಿರದ ನವಗಾಂವ್ ದಂಡೆಗೆ ಬಂದು ಸೇರಿದವರ ಮಕ್ಕಳು ನಾವು ಅಂತ ಅವರ ಹಿರಿಯರು ಹೇಳುತ್ತಾ ಬಂದಿದ್ದಾರೆ. ಕಸುಬು ಎಣ್ಣೆ ಗಾಣ. ಯಹೂದಿಗಳಿಗೆ ಶನಿವಾರ ಕೆಲಸ ಮಾಡಬಾರದ ದಿನ. ಹಾಗಾಗಿ ಆ ದಿನ ಗಾಣ ನಿಲ್ಲುತ್ತಿತ್ತು, ಊರವರು ಅವರನ್ನು 'ಶನಿವಾರ ತೇಲಿ' ಅಂತ ಕರೆದರು. ಅಡ್ಡಹೆಸರು ಕೂಡ ಊರಿನಿಂದಲೇ: ಪೇಣ್ ಊರಿನವರು ಪೇಣ್‌ಕರ್, ಚೇವುಲ್‌ನವರು ಚೇವುಲ್‌ಕರ್. ನಮ್ಮ ಕಡೆ ಉದಗೀರಕರ್ ಅಂತಾರಲ್ಲ, ಹಾಗೆ. ಬೈಬಲ್ಲಿನ ಹಳೆಯ ಕಥೆಗಳನ್ನು ಮರಾಠಿ ಕೀರ್ತನೆ ಮಾಡಿ ಹಾಡುತ್ತಿದ್ದರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಅಜ್ಜನ ಕಾಗದಪತ್ರಗಳಲ್ಲಿ ಉರ್ದು ನೋಡಿ ಬೆಳೆದ ನಮಗೆ ಇಂಥ ಬೆರಕೆ ಹೊಸದಲ್ಲ.

ಮೊದಲ ಮಾತೇ ಅವರದು

ಮಾತಾಡುವ ಸಿನಿಮಾದ ಕಾಲ ಶುರುವಾದದ್ದು ಅಮೆರಿಕದ 'ದ ಜಾಝ್ ಸಿಂಗರ್' (1927) ಚಿತ್ರದಿಂದ ಅಂತ ಎಲ್ಲ ಕ್ವಿಝ್‌ಗಳಲ್ಲೂ ಬರ್ತದೆ. ಅದರ ಕಥೆ ಏನು ಅಂತ ಮಾತ್ರ ಯಾರೂ ಕೇಳುವುದಿಲ್ಲ. ತಂದೆ ಯಹೂದಿ ಪ್ರಾರ್ಥನಾ ಮಂದಿರದ ಗಾಯಕ. ಮಗನೂ ಅಲ್ಲೇ ಹಾಡಬೇಕು ಅಂತ ಅವನ ಆಸೆ. ಮಗನಿಗೆ ಜಾಝ್ ಹುಚ್ಚು. ಮನೆ ಬಿಟ್ಟು ಹೋಗಿ ಜೇಕಿ ರಾಬಿನೋವಿಟ್ಸ್ ಎಂಬ ಹೆಸರನ್ನು ಜಾಕ್ ರಾಬಿನ್ ಅಂತ ಬದಲಾಯಿಸಿಕೊಳ್ಳುತ್ತಾನೆ. ಆ ಪಾತ್ರ ಮಾಡಿದ ಅಲ್ ಜೋಲ್ಸನ್ ಕೂಡ ಯಹೂದಿಯೇ. ಅವನ ಹುಟ್ಟುಹೆಸರು ಏಸಾ ಯೋಯೆಲ್ಸನ್. ಪಾತ್ರವೂ ಹೆಸರು ಬದಲಿಸಿತ್ತು, ನಟನೂ ಬದಲಿಸಿದ್ದ. ಅದೇ ಚಿತ್ರದಲ್ಲಿ ಅವನು ಮುಖಕ್ಕೆ ಮಸಿ ಬಳಿದುಕೊಂಡು ಕರಿಯರ ವೇಷದಲ್ಲಿ ಹಾಡುತ್ತಾನೆ. ತನ್ನ ಗುರುತು ಅಡಗಿಸಿದವನು ಇನ್ನೊಬ್ಬರ ಗುರುತನ್ನು ವೇಷ ಮಾಡಿಕೊಂಡ. ಇವತ್ತು ಅದನ್ನು ನೋಡಿದರೆ ಮುಜುಗರ ಆಗ್ತದೆ, ಆಗಲೇಬೇಕು.

ನಾಲ್ಕು ವರ್ಷದ ನಂತರ, 1931ರ ಮಾರ್ಚ್ 14ರಂದು, ಭಾರತದ ಮೊದಲ ಟಾಕಿ 'ಆಲಂ ಆರಾ' ಮುಂಬೈಯಲ್ಲಿ ತೆರೆಕಂಡಿತು. ಅದರ ಕಥೆಯ ಮೂಲ ಒಂದು ಪಾರ್ಸಿ ರಂಗಭೂಮಿಯ ನಾಟಕ. ಬರೆದವರು ಜೋಸೆಫ್ ಡೇವಿಡ್ ಪೇಣ್‌ಕರ್, ಒಬ್ಬ ಬೆನೆ ಇಸ್ರೇಲ್.

ಸುಲೋಚನಾ, ನಾದಿರಾ, ಜಾನ್ ಚಾಚಾ

ಮೂಕಿ ಚಿತ್ರಗಳ ಕಾಲದಲ್ಲಿ ಒಳ್ಳೆ ಮನೆತನದ ಹೆಂಗಸರು ಸಿನಿಮಾದಲ್ಲಿ ನಟಿಸಬಾರದು ಎಂಬ ನಂಬಿಕೆ ಗಟ್ಟಿಯಾಗಿತ್ತು. ಫಾಲ್ಕೆಯವರ 'ರಾಜಾ ಹರಿಶ್ಚಂದ್ರ' (1913) ಚಿತ್ರದಲ್ಲಿ ತಾರಾಮತಿಯ ಪಾತ್ರ ಮಾಡಿದ್ದು ಸಾಳುಂಕೆ ಎಂಬ ಗಂಡಸು. ಇಂಗ್ಲಿಷ್ ಕಲಿತಿದ್ದ, ಹೊರಗೆ ದುಡಿದು ರೂಢಿಯಿದ್ದ ಬಾಗ್ದಾದಿ ಯಹೂದಿ ಹೆಣ್ಣುಮಕ್ಕಳು ಮತ್ತು ಆಂಗ್ಲೋ-ಇಂಡಿಯನ್ನರು ಆ ಖಾಲಿ ಜಾಗಕ್ಕೆ ಬಂದರು.

ಪುಣೆಯಲ್ಲಿ ಹುಟ್ಟಿದ ರೂಬಿ ಮೈಯರ್ಸ್ ಟೆಲಿಫೋನ್ ಆಪರೇಟರ್ ಆಗಿದ್ದವರು. ಪರದೆಯ ಮೇಲೆ 'ಸುಲೋಚನಾ' ಆದರು. 1928ರ ಮೂಕಿಯಲ್ಲೂ 1935ರ ಟಾಕಿಯಲ್ಲೂ ಅವರೇ ಅನಾರ್ಕಲಿ; 1953ರ 'ಅನಾರ್ಕಲಿ'ಯಲ್ಲಿ ಸಲೀಮನ ತಾಯಿ. ಟಾಕಿ ಬಂದಾಗ ಅವರಿಗೆ ದೊಡ್ಡ ಪೆಟ್ಟು ಬಿದ್ದಿತ್ತು, ಯಾಕಂದ್ರೆ ಹಿಂದೂಸ್ತಾನಿ ಚೆನ್ನಾಗಿ ಬರುತ್ತಿರಲಿಲ್ಲ. ನಟನೆ ಬಿಟ್ಟು ಕೂತು ಭಾಷೆ ಕಲಿತು ಮತ್ತೆ ಬಂದರು. ಮಾತಿನ ಧಾಟಿಗೆ ನಗಿಸಿಕೊಂಡ ನನಗೆ ಇದನ್ನು ಓದಿದಾಗ ಹೇಗಾಗಿರಬೇಡ! 1973ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು.

'ಶ್ರೀ 420' (1955) ಚಿತ್ರದ ಸಿಗರೇಟು ಹಿಡಿದ ಮಾಯಾ ನೆನಪಿದ್ದಾಳಾ? ಆಕೆ ನಾದಿರಾ, ಅಂದರೆ ಫ್ಲಾರೆನ್ಸ್ ಎಝೆಕಿಯೆಲ್. 'ಆನ್' (1952) ಚಿತ್ರದಲ್ಲಿ ರಜಪೂತ ರಾಜಕುಮಾರಿ, 'ಜೂಲಿ'ಯಲ್ಲಿ (1975) ಕ್ರಿಶ್ಚಿಯನ್ ತಾಯಿ. 'ಬೂಟ್ ಪಾಲಿಶ್' (1954) ಚಿತ್ರದಲ್ಲಿ ಭಿಕ್ಷೆ ಬೇಡಬೇಡಿ, ದುಡಿದು ತಿನ್ನಿ ಅಂತ ಮಕ್ಕಳಿಗೆ ಹೇಳುವ ಜಾನ್ ಚಾಚಾ ಆದವರು ಡೇವಿಡ್ ಅಬ್ರಹಾಂ ಚೇವುಲ್‌ಕರ್. ಕಾನೂನು ಓದಿದವರು. 'ಗೋಲ್‌ಮಾಲ್' (1979) ನೋಡಿದವರಿಗೆ ಆ ಬೋಳುತಲೆಯ ನಗುಮುಖದ ಡಾಕ್ಟರ್ ಮಾಮ ಗೊತ್ತೇ ಇರ್ತಾರೆ.

ಇನ್ನೊಂದು ಕಡೆ 'ಯಹೂದಿ' (1958) ಎಂಬ ಹೆಸರಿನದೇ ಒಂದು ಸಿನಿಮಾ ಇದೆ. ಬಿಮಲ್ ರಾಯ್ ನಿರ್ದೇಶನ, ರೋಮನ್ ಸಾಮ್ರಾಜ್ಯದ ಕಾಲದ ಕಥೆ. ಮೂಲ ಆಗಾ ಹಶ್ರ್ ಕಾಶ್ಮೀರಿಯವರ ನಾಟಕ. ಯಹೂದಿ ವ್ಯಾಪಾರಿಯಾಗಿ ಸೊಹ್ರಾಬ್ ಮೋದಿ, ಅವನು ಸಾಕಿದ ಮಗಳಾಗಿ ಮೀನಾ ಕುಮಾರಿ. ಅಂದರೆ ಲೆಕ್ಕ ಹೀಗಾಯ್ತು: ಯಹೂದಿ ನಟರು ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಪಾತ್ರ ಮಾಡಿದರು; ಯಹೂದಿ ಪಾತ್ರವನ್ನು ಬೇರೆಯವರು ಮಾಡಿದರು. ಆ ಪಾತ್ರವೂ ದೂರದ ರೋಮಿನದು. ಪಕ್ಕದ ಗಲ್ಲಿಯಲ್ಲಿ ಮರಾಠಿ ಮಾತಾಡುತ್ತಾ ಶನಿವಾರ ದೀಪ ಹಚ್ಚದೆ ಕೂತವರ ಮನೆಗೆ ಕ್ಯಾಮೆರಾ ಹೋಗಲೇ ಇಲ್ಲ.

ದುಃಖ ಇದ್ದರೆ ಮಾತ್ರ ಸಿನಿಮಾನಾ?

ಯುರೋಪಿನ ಯಹೂದಿಗಳ ಮೇಲಿನ ಬಹುಪಾಲು ಪ್ರಸಿದ್ಧ ಚಿತ್ರಗಳು ಹಿಟ್ಲರನ ನರಮೇಧದ ಬಗ್ಗೆ. 'ದ ಪಿಯಾನಿಸ್ಟ್' (2002) ಮಾಡಿದ ಪೊಲಾನ್ಸ್ಕಿ ಹುಡುಗನಾಗಿ ಅದರಿಂದ ತಪ್ಪಿಸಿಕೊಂಡವರು. ಲಾಂಝ್‌ಮಾನ್ ಅವರ 'ಶೋಆ' (1985) ಒಂಬತ್ತು ತಾಸಿಗಿಂತ ದೊಡ್ಡ ಸಾಕ್ಷ್ಯಚಿತ್ರ. ಹಳೆಯ ಫೂಟೇಜ್ ಒಂದೂ ಇಲ್ಲ. ಬದುಕಿ ಉಳಿದವರ, ನೋಡಿದವರ, ಕೊಂದವರ ಮಾತುಗಳಷ್ಟೇ. ಇವು ಬೇಕೇ ಬೇಕು. ಆದರೆ ಇವು ಆ ಜನ ಹೇಗೆ ಸತ್ತರು ಅಂತ ಹೇಳ್ತವೆ. ಹೇಗೆ ಬದುಕಿದ್ದರು ಅಂತ ತಿಳಿಯಲು 'ಫಿಡ್ಲರ್ ಆನ್ ದ ರೂಫ್' (1971) ನೋಡ್ರಿ. ರಷ್ಯಾದ ಹಳ್ಳಿಯ ಬಡ ಹಾಲಿನವ, ಮದುವೆಗೆ ಬಂದ ಹೆಣ್ಣುಮಕ್ಕಳು, ವರನನ್ನು ಹುಡುಕಿ ತರುವ ಮುದುಕಿ, ಕೊನೆಗೆ ಊರೇ ಬಿಡಬೇಕಾದ ಸ್ಥಿತಿ. ಹೆಸರು ಬದಲಿಸಿದರೆ ನಮ್ಮ ತಾಲ್ಲೂಕಿನ ಮನೆಯೇ.

ಭಾರತದಲ್ಲಿ, ಪೋರ್ಚುಗೀಸರು ಕೊಟ್ಟ ಕಾಟ ಬಿಟ್ಟರೆ, ನೆರೆಹೊರೆಯವರು ಯಹೂದಿಗಳ ಮೇಲೆ ಎರಗಿದ ಇತಿಹಾಸ ಬಹಳ ಕಡಿಮೆ. ಇದು ಹೆಮ್ಮೆಯ ಮಾತು. ಆದರೆ ಸಿನಿಮಾದವರಿಗೆ ಕಣ್ಣೀರಿಲ್ಲದ ಕಡೆ ಕಥೆಯೇ ಕಾಣಲಿಲ್ಲವೇನೋ. 1948ರ ನಂತರ ಹೆಚ್ಚಿನವರು ಇಸ್ರೇಲಿಗೆ ಹೋದರು. ಅಲ್ಲಿ ಬೆನೆ ಇಸ್ರೇಲರಿಗೆ "ನೀವು ನಿಜವಾದ ಯಹೂದಿಗಳೇನು?" ಅಂತ ಕೇಳಿದರು, ಹೋರಾಟ ಮಾಡಿ 1964ರಲ್ಲಿ ಪೂರ್ತಿ ಮಾನ್ಯತೆ ಪಡೆಯಬೇಕಾಯಿತು. ಇಲ್ಲಿ ಗುರುತಿಸಲಿಲ್ಲ, ಅಲ್ಲಿ ನಂಬಲಿಲ್ಲ. ಇದಕ್ಕಿಂತ ಕಥೆ ಬೇಕಾ? ಆದರೂ ಮಲಯಾಳಂನ 'ಎಝ್ರಾ' (2017) ಬಂದಾಗ ಯಹೂದಿ ಮರಳಿದ್ದು ಪೆಟ್ಟಿಗೆಯೊಳಗಿನ ದೆವ್ವವಾಗಿ. ಅದೇ ವರ್ಷದ ಡ್ಯಾನಿ ಬೆನ್-ಮೋಶೆ ಅವರ ಸಾಕ್ಷ್ಯಚಿತ್ರ 'ಶಾಲೋಮ್ ಬಾಲಿವುಡ್' ಮಾತ್ರ ಸುಲೋಚನಾ, ನಾದಿರಾ, ಡೇವಿಡ್ ಅವರನ್ನು ಸ್ವಂತ ಹೆಸರಿನಿಂದ ಕರೆಯಿತು.

ನಮ್ಮಲ್ಲೂ ಕಾದಿರುವ ಕಥೆಗಳು

12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಸುಮಾರು ಹದಿನೇಳು ವರ್ಷ ಇದ್ದ. ಅವನ ಕಾಗದಗಳು ಕೈರೋದ ಮಂದಿರವೊಂದರಲ್ಲಿ ಸಿಕ್ಕವು. ಅವನ ಆಳು ಬೊಮ್ಮನನ್ನು ಹುಡುಕಿಕೊಂಡು ಅಮಿತಾವ್ ಘೋಷ್ 'ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್' (1992) ಬರೆದರು. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡ ಓಟೋ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾದರು. ಬೆಂಗಳೂರಿನ ಐಐಎಸ್‌ಸಿಯ ಕೆಲವು ಕಟ್ಟಡಗಳು ಅವರವೇ. ಆಕಾಶವಾಣಿಯ ಆ ಬೆಳಗಿನ ರಾಗ ಇದೆಯಲ್ಲ, ಅಜ್ಜನ ರೇಡಿಯೋದಲ್ಲಿ ಮೊದಲು ಬರುತ್ತಿದ್ದದ್ದು, ಅದನ್ನು ಕಟ್ಟಿದ್ದು ಮುಂಬೈಗೆ ಓಡಿಬಂದಿದ್ದ ಯಹೂದಿ ಸಂಗೀತಗಾರ ವಾಲ್ಟರ್ ಕೌಫ್‌ಮನ್ ಅಂತಾರೆ. ಎಂಜಿನಿಯರ್ ಆಗಿದ್ದ ನಮ್ಮ ಲೇಖಕಿ ನೇಮಿಚಂದ್ರ 'ಯಾದ್ ವಶೇಮ್' (2007) ಕಾದಂಬರಿಯಲ್ಲಿ ಬೆಂಗಳೂರಿಗೆ ಬಂದು ಬೆಳೆದ ಯಹೂದಿ ಹುಡುಗಿಯ ಕಥೆ ಹೇಳಿದ್ದಾರೆ. ಒಂದೊಂದೂ ಒಂದು ಸಿನಿಮಾ.

ಎಲ್ಲಿಂದ ಶುರು ಮಾಡೋದು ಅಂತ ಕೇಳಿದರೆ: ಮೊದಲು 'ಬೂಟ್ ಪಾಲಿಶ್', ಆಮೇಲೆ 'ಫಿಡ್ಲರ್', ನಂತರ 'ಶಾಲೋಮ್ ಬಾಲಿವುಡ್'. 'ಶಿಂಡ್ಲರ್ಸ್ ಲಿಸ್ಟ್' ಕೊನೆಗೆ ನೋಡ್ರಿ. ಬದುಕಿದ್ದವರ ಪರಿಚಯ ಆದ ಮೇಲೆ ಸತ್ತವರ ಲೆಕ್ಕ ಬೇರೆಯೇ ಆಗಿ ಕೇಳಿಸ್ತದೆ.

ಕೊನೆಗೆ ನಮ್ಮ ಕ್ಲಬ್ಬಿಗೆ ಒಂದು ಅರ್ಜಿ. ಮುಂದಿನ ಕಿರುಚಿತ್ರದಲ್ಲಿ ಬೀದರ್ ಮಾತಾಡುವ ಪಾತ್ರ ಇದ್ದರೆ, ಅದನ್ನು ಬರೀ ನಗಿಸಲಿಕ್ಕೆ ಇಡಬ್ಯಾಡ್ರಿ. ಅದಕ್ಕೂ ಒಂದು ಮನಿ ಇರಲಿ, ಅವ್ವ ಇರಲಿ, ಊರಿನ ಹೆಸರು ಪೂರ್ತಿ ಇರಲಿ. ಪಾತ್ರ ಮಾಡಲಿಕ್ಕೆ ಜನ ಸಿಗಲಿಲ್ಲ ಅಂದ್ರೆ ಹೇಳ್ರಿ. ನಾನೇ ಬರ್ಲತ್ತೀನಿ.