ಬೆನ್ನ ಹಿಂದಿನ ದೀಪ



ಇದುವರೆಗೆ ಈ ಪತ್ರಿಕೆಯಲ್ಲಿ ನಾನು ಬರೆದದ್ದೆಲ್ಲ ಹಬ್ಬ, ಅಡುಗೆ, ಪ್ರವಾಸಗಳ ಮೇಲೆ. ಈ ಸಲ ಮೋಟರ್ ಸೈಕಲ್ಲಿನ ದೀಪದ ವೈರಿಂಗ್ ಬಗ್ಗೆ ಬರೆಯುತ್ತೇನೆ ಎಂದಾಗ ನಮ್ಮನೆಯವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ನೀನು ಓದಿದ್ದು ಇಂಗ್ಲಿಷ್ ಬಿ.ಎ. ಅಲ್ವೇನೇ?" ಎಂದರು. ಹೌದು. ಆದರೆ ಈ ಕಥೆಯಲ್ಲಿ ಎಡವಟ್ಟು ಶುರುವಾದದ್ದೇ ಇಂಗ್ಲಿಷಿನಿಂದ. ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ ನವೆಂಬರಿನ ಒಂದು ಸಂಜೆ ನನ್ನ ಮಗ ಆಫೀಸು ಮುಗಿಸಿ ಕಸಬಾ ಕಡೆಯಿಂದ ಬಿಜನ್ ಸೇತು ಹತ್ತಿ ಗಡಿಯಾಹಾಟಿನತ್ತ ಇಳಿಯುತ್ತಿದ್ದ. ಹಿಂದಿನಿಂದ ಬಂದ ಮಿನಿ ಬಸ್ಸು ಅವನ ಹ್ಯಾಂಡಲ್ಲಿಗೆ ತಗುಲಿತು. ಹೆಲ್ಮೆಟ್ ಇತ್ತು, ದೇವರು ದೊಡ್ಡವನು. ಎಡಗೈ ಮಣಿಕಟ್ಟಿನ ಮೂಳೆ ಮುರಿದು ಆರು ವಾರ ಪ್ಲಾಸ್ಟರ್ ಹಾಕಿಸಿಕೊಂಡು ಕೂತ. ಸುತ್ತ ಸೇರಿದ ಜನ ಡ್ರೈವರನ ಮೇಲೆ ಏರಿ ಹೋದರಂತೆ. ಆತ ಮಾತ್ರ ಮೋಟರ್ ಸೈಕಲ್ಲಿನ ಹಿಂಭಾಗಕ್ಕೆ ಕೈ ತೋರಿಸಿ "ಆಲೋ ನೇಯಿ! ಆಲೋ ನೇಯಿ!" ಎಂದು ಕೂಗುತ್ತಿದ್ದನಂತೆ. ಬೆಳಕಿಲ್ಲ, ಬೆಳಕಿಲ್ಲ.

ಅವನ ಮಾತು ನಿಜವಾಗಿತ್ತು. ಹಿಂದಿನ ಕೆಂಪು ದೀಪ ಸತ್ತಿತ್ತು. ಮುಂದಿನ ದೀಪ ಚೆನ್ನಾಗಿ ಉರಿಯುತ್ತಿದ್ದುದರಿಂದ ಮಗನಿಗೆ ಅನುಮಾನವೇ ಬಂದಿರಲಿಲ್ಲ. ಎಷ್ಟು ದಿನದಿಂದ ಹಾಗೇ ಓಡಿಸುತ್ತಿದ್ದನೋ!

ಗಾಡಿಯನ್ನು ಬಾಲಿಗಂಜ್ ಫಾಡಿಯ ಹತ್ತಿರದ ಮೆಕ್ಯಾನಿಕ್ ಹತ್ತಿರ ತಳ್ಳಿಸಿಕೊಂಡು ಹೋದವಳು ನಾನೇ. ಆತ ಸೀಟು ಬಿಚ್ಚಿ ಒಂದು ಗಂಟು ವೈರನ್ನು ಹೊರಗೆಳೆದು, "ನೋಡಿ ಮಾಸಿಮಾ" ಎಂದ. ಕಪ್ಪು ಟೇಪು ಅಂಟು ಬಿಟ್ಟು ಜೋತಾಡುತ್ತಿತ್ತು. ಒಳಗೆ ಎರಡು ತಾಮ್ರದ ಎಳೆಗಳನ್ನು ಹೊಸೆದು ಸೇರಿಸಿದ್ದ ಜಾಗವೆಲ್ಲ ಹಸಿರು ಹಸಿರು. ನಮ್ಮಜ್ಜಿ ಹುಳಿ ಹಾಕಿ ಉಜ್ಜುತ್ತಿದ್ದ ತಾಮ್ರದ ಚೊಂಬಿನ ಮೇಲಿನ ಕಿಲುಬೇ ಅದು. ಕಿಲುಬಿನ ಪಕ್ಕದಲ್ಲಿ ವೈರು ಸುಟ್ಟು ಕರಿಕಾಗಿತ್ತು.

"ಇದು ಕಂಪನಿ ಕೆಲಸ ಅಲ್ಲ, ಯಾರೋ ಕೈ ಹಾಕಿದ್ದಾರೆ" ಎಂದ ಮೆಕ್ಯಾನಿಕ್. ಮನೆಗೆ ಬಂದು ಕೇಳಿದರೆ ಮಗ ತಲೆ ತಗ್ಗಿಸಿದ. ಕೈ ಹಾಕಿದವನು ಅವನೇ.

ಹಿನ್ನೆಲೆ ಹೀಗಿದೆ. ನ್ಯೂಜೆರ್ಸಿಯಲ್ಲಿರುವ ನಮ್ಮಣ್ಣನ ಮಗನಿಗೂ ಮೋಟರ್ ಸೈಕಲ್ ಹುಚ್ಚು. ಹಿಂದಿನ ಬೇಸಿಗೆಯಲ್ಲಿ ಇಲ್ಲಿಗೆ ಬಂದವನು ಇವನ ಗಾಡಿ ನೋಡಿ, "ನಿನ್ನ ಮುಂದಿನ ಹಳದಿ ದೀಪ ಎರಡೂ ಉರೀತಾ ಇಲ್ವಲ್ಲೋ, ವೈರಿಂಗ್ ಕೆಟ್ಟಿದೆ" ಎಂದ. ಅಮೆರಿಕದ ಮೋಟರ್ ಸೈಕಲ್ಲುಗಳಲ್ಲಿ ಮುಂದಿನ ಎರಡು ಇಂಡಿಕೇಟರುಗಳು ಸಾಮಾನ್ಯವಾಗಿ ಸದಾ ಮಂದವಾಗಿ ಉರಿಯುತ್ತಿರುತ್ತವೆ. ತಿರುಗುವಾಗ ಆ ಬದಿಯದು ಪ್ರಕಾಶವಾಗಿ ಮಿಣುಕುತ್ತದೆ. ಅದಕ್ಕೆ ಅಲ್ಲಿ ರನ್ನಿಂಗ್ ಲೈಟ್ ಎಂದು ಹೆಸರು. ನಮ್ಮಲ್ಲಿ ಇಂಡಿಕೇಟರ್ ತಿರುಗುವಾಗ ಮಾತ್ರ ಮಿಣುಕುತ್ತದೆ, ಉಳಿದ ಹೊತ್ತು ಆರಿರುತ್ತದೆ. ಅದು ಕೆಟ್ಟಿರುವುದಲ್ಲ, ಇರಬೇಕಾದದ್ದೇ ಹಾಗೆ. ಸದಾ ಉರಿಯುವ ಕೆಲಸಕ್ಕೆ ನಮ್ಮಲ್ಲೂ ಯೂರೋಪಿನಲ್ಲೂ ಸಾಮಾನ್ಯವಾಗಿ ಹೆಡ್‌ಲೈಟಿನ ಬಳಿ ಪುಟ್ಟ ಬಿಳಿ ದೀಪ ಇರುತ್ತದೆ. ನಮ್ಮವರು ಅದನ್ನು ಪಾರ್ಕಿಂಗ್ ಲೈಟ್ ಅಥವಾ ಪೈಲಟ್ ಲ್ಯಾಂಪ್ ಎನ್ನುತ್ತಾರೆ. ನಾವು ಅರ್ಥ್ ಎಂದರೆ ಅವರು ಗ್ರೌಂಡ್ ಎನ್ನುತ್ತಾರೆ, ನಾವು ಇಂಡಿಕೇಟರ್ ಎಂದರೆ ಅವರು ಟರ್ನ್ ಸಿಗ್ನಲ್ ಎನ್ನುತ್ತಾರೆ. ಒಂದೇ ಇಂಗ್ಲಿಷ್, ಎರಡು ದೇಶ! ಅಮೆರಿಕದ ಪುಸ್ತಿಕೆಯಲ್ಲಿ 'ರನ್ನಿಂಗ್ ಲೈಟಿನ ವೈರಿಗೆ ಜೋಡಿಸಿ' ಎಂದು ಬರೆದಿದ್ದರೆ ನಮ್ಮ ಗಾಡಿಯ ಇಂಡಿಕೇಟರಿನಲ್ಲಿ ಆ ವೈರನ್ನು ಎಲ್ಲಿಂದ ತರುವುದು?

ನಮ್ಮ ಹುಡುಗ ಅದನ್ನು ತಾನೇ ಸೃಷ್ಟಿಸಿದ. ಹಿಂದಿನ ದೀಪಕ್ಕೆ ಹೋಗುವ ತೆಳ್ಳಗಿನ ವೈರನ್ನು ಸುಲಿದು ಅಲ್ಲಿಂದ ಎರಡು ಬದಿಯ ಇಂಡಿಕೇಟರುಗಳಿಗೂ ಕರೆಂಟು ಕೊಟ್ಟ. ಅದರಲ್ಲಿ ಮೂರು ತಪ್ಪುಗಳಿದ್ದವು. ಮೆಕ್ಯಾನಿಕ್ ಹೇಳಿದ್ದನ್ನು ನಾನು ಅರ್ಥ ಮಾಡಿಕೊಂಡಷ್ಟು ಹೇಳುತ್ತೇನೆ.

ಮೊದಲನೆಯದು, ಅಮೆರಿಕದ ಆ ಬಲ್ಬಿನೊಳಗೆ ಎರಡು ತಂತಿಗಳಿರುತ್ತವೆ, ಮಂದ ಬೆಳಕಿಗೆ ಒಂದು, ಮಿಣುಕಲು ಇನ್ನೊಂದು. ನಮ್ಮ ಇಂಡಿಕೇಟರಿನ ಬಲ್ಬಿನಲ್ಲಿ ಇರುವುದು ಒಂದೇ ತಂತಿ. ಅದಕ್ಕೆ ಸದಾ ಕರೆಂಟು ಕೊಟ್ಟರೆ ಅದು ಪೂರ್ತಿ ಪ್ರಕಾಶದಲ್ಲೇ ಉರಿಯುತ್ತಿರುತ್ತದೆ. ಆಮೇಲೆ ಮಿಣುಕುವುದಾದರೂ ಹೇಗೆ? ಹಿಂದೆ ಬರುವವನಿಗೆ ಇವನು ಎಡಕ್ಕೋ ಬಲಕ್ಕೋ ತಿಳಿಯುವುದಿಲ್ಲ.

ಎರಡನೆಯದು, ಒಂದು ಬದಿಯ ಮುಂದಿನ ಮತ್ತು ಹಿಂದಿನ ಇಂಡಿಕೇಟರಿಗೆ ವೈರು ಒಂದೇ. ಎರಡು ಬದಿಯನ್ನೂ ಸೇರಿಸಿದಾಗ ನಾಲ್ಕು ಬಲ್ಬುಗಳ ಹೊರೆಯೂ ಆ ತೆಳ್ಳನೆಯ ವೈರಿನ ಮೇಲೆ ಬಿತ್ತು. ಒಂದೊಂದು 10 ವ್ಯಾಟ್, ಒಟ್ಟು 40. ಅದನ್ನು 12 ವೋಲ್ಟಿನಿಂದ ಭಾಗಿಸಿದರೆ 3 ಆಂಪಿಯರಿಗೂ ಹೆಚ್ಚು.

ಮೂರನೆಯದು ಆ ಹೊಸೆದ ಗಂಟು. ಆಷಾಢದಿಂದ ಪೂಜೆಯವರೆಗೆ ನಮ್ಮ ರಸ್ತೆಗಳಲ್ಲಿ ನಿಲ್ಲುವ ನೀರು ನಿಮಗೆಲ್ಲ ಗೊತ್ತೇ ಇದೆ. ಟೇಪಿನೊಳಗೆ ಸೇರಿದ ತೇವ ಆರುವುದಿಲ್ಲ, ತಾಮ್ರ ಕಿಲುಬುತ್ತದೆ. ಕಿಲುಬಿದ ಜಾಗದಲ್ಲಿ ಕರೆಂಟು ತಿಣುಕುತ್ತದೆ, ಬಿಸಿಯಾಗುತ್ತದೆ, ಕೊನೆಗೆ ಸುಡುತ್ತದೆ. "ಹಾಗಾದರೆ ಫ್ಯೂಸ್ ಯಾಕೆ ಹೋಗಲಿಲ್ಲ?" ಎಂದು ಕೇಳಿದೆ. ಕರೆಂಟು ಮಿತಿ ಮೀರಿ ಹರಿದಾಗ ಮಾತ್ರ ಫ್ಯೂಸ್ ಹೋಗುತ್ತದಂತೆ. ಕೆಟ್ಟ ಗಂಟಿನಲ್ಲಿ ಹರಿಯುವುದು ಕಡಿಮೆ ಕರೆಂಟೇ, ಆದ್ದರಿಂದ ಫ್ಯೂಸಿಗೆ ಅದು ಗೊತ್ತೇ ಆಗುವುದಿಲ್ಲ.

ಇದನ್ನೆಲ್ಲ ಕೇಳುತ್ತ ನನಗೆ ಮೈಸೂರಿನ ನಮ್ಮ ಮನೆಯ ಅಂಗಳ ನೆನಪಾಯಿತು. ಅಪ್ಪನ ಹತ್ತಿರ ಜಾವಾ ಇತ್ತು. ಮೈಸೂರಿನವರಿಗೆ ಜಾವಾ ಎಂದರೆ ಮನೆಮಗ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಜಾವಾ, ಆಮೇಲೆ ಯೆಜ್ಡಿ ಗಾಡಿಗಳು ತಯಾರಾದವು. ಆ ಕಾಲದ ಜಾವಾದ ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು. 36 ವ್ಯಾಟಿನ ದೀಪ ಉರಿಯಲು 12 ವೋಲ್ಟಿನಲ್ಲಿ 3 ಆಂಪಿಯರ್ ಸಾಕು, 6 ವೋಲ್ಟಿನಲ್ಲಾದರೆ 6 ಬೇಕು. ಹಾಗಾಗಿ ಒಂದು ಚೂರು ತುಕ್ಕು ಕೂಡ ಅಲ್ಲಿ ದೊಡ್ಡ ಕಳ್ಳ. ದೀಪಕ್ಕೆ ತಲುಪುವ ವೋಲ್ಟೇಜು ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಮಾಮೂಲಿ ಬಲ್ಬಿನ ಬೆಳಕು ಹತ್ತರಲ್ಲಿ ಸುಮಾರು ಮೂರು ಪಾಲು ಇಳಿಯುತ್ತದೆ. ಅಪ್ಪ ಭಾನುವಾರ ಬೆಳಿಗ್ಗೆ ಉಪ್ಪುಕಾಗದ ಹಿಡಿದು ಕೂತು ಬ್ಯಾಟರಿಯ ತುದಿ, ದೀಪದ ಹೋಲ್ಡರು, ಚಾಸಿಗೆ ಅರ್ಥ್ ಕೊಟ್ಟ ಜಾಗ ಎಲ್ಲ ಉಜ್ಜುತ್ತಿದ್ದರು. "ಕರೆಂಟಿಗೆ ಹೋಗೋ ದಾರಿ ಇದ್ರೆ ಸಾಲ್ದಮ್ಮ, ವಾಪಸ್ ಬರೋ ದಾರೀನೂ ಚೊಕ್ಕಟವಾಗಿರಬೇಕು" ಎನ್ನುತ್ತಿದ್ದರು. ಆಗ ಅದು ನನ್ನ ತಲೆಗೆ ಹೋಗಿರಲಿಲ್ಲ.

ಕೊನೆಗೊಂದು ಕೆಲಸ ಅವರು ಎಂದೂ ತಪ್ಪಿಸುತ್ತಿರಲಿಲ್ಲ. ಗಾಡಿ ಚಾಲೂ ಮಾಡಿ ನನ್ನನ್ನು ಹಿಂದೆ ನಿಲ್ಲಿಸಿ, "ಕೆಂಪು ದೀಪ ಉರೀತಿದೆಯೇನೇ? ಬ್ರೇಕ್ ಒತ್ತಿದ್ರೆ ಜಾಸ್ತಿ ಆಯ್ತೇನೇ?" ಎಂದು ಕೇಳುತ್ತಿದ್ದರು. ಸವಾರನಿಗೆ ತನ್ನ ಮುಂದಿನ ದೀಪ ಕಾಣುತ್ತದೆ, ಹಿಂದಿನದು ಕಾಣುವುದಿಲ್ಲ. ಅದನ್ನು ನೋಡಲು ಇನ್ನೊಬ್ಬರು ಬೇಕು.

ದೇಶದಿಂದ ದೇಶಕ್ಕೆ ಈ ದೀಪದ ಪದ್ಧತಿ ಯಾಕೆ ಬೇರೆ ಎಂಬ ಪ್ರಶ್ನೆ ನಿಮಗೂ ಬಂದಿರಬಹುದು. ಚಳಿಗಾಲದಲ್ಲಿ ಸೂರ್ಯ ಅಪರೂಪವಾಗುವ ಸ್ವೀಡನ್ನಿನಲ್ಲಿ 1977ರಲ್ಲೇ ಎಲ್ಲ ವಾಹನಗಳೂ ಹಗಲಲ್ಲಿ ದೀಪ ಹಚ್ಚಬೇಕೆಂದು ಕಾನೂನಾಯಿತು. ಕೆನಡಾದಲ್ಲಿ 1989ರ ಕೊನೆಯಿಂದ ಹೊಸ ಕಾರುಗಳಿಗೆ ಹಗಲು ದೀಪ ಬಂತು. ಬಿಸಿಲಿನ ದೇಶ ಮಲೇಷಿಯಾ ಕೂಡ 1992ರಲ್ಲಿ ಮೋಟರ್ ಸೈಕಲ್ಲುಗಳಿಗೆ ಹಗಲು ದೀಪ ಕಡ್ಡಾಯ ಮಾಡಿತು. ನಮ್ಮಲ್ಲಿ 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಚಾಲೂ ಆದೊಡನೆ ಹೆಡ್‌ಲೈಟ್ ತಾನೇ ಹತ್ತುತ್ತದೆ. ಹೊಸದರಲ್ಲಿ ದಾರಿಹೋಕರೆಲ್ಲ ಬೆರಳು ಅರಳಿಸಿ ಮುಚ್ಚಿ "ದಾದಾ, ಆಲೋ ಜೋಲ್ಛೆ" ಎಂದು ಕಾಳಜಿಯಿಂದ ಹೇಳುತ್ತಿದ್ದುದು ನೆನಪಿದೆಯೆ? ನಡುಮಧ್ಯಾಹ್ನ ದೀಪ ಏಕೆಂದು ನಾನೂ ಗೊಣಗಿದ್ದೆ. ಆ ದೀಪ ನಾವು ರಸ್ತೆ ನೋಡುವುದಕ್ಕಲ್ಲ, ರಸ್ತೆಯವರು ನಮ್ಮನ್ನು ನೋಡುವುದಕ್ಕೆ.

ಕೋಲ್ಕತ್ತದವರಿಗೆ ಇದು ಇನ್ನೂ ಮುಖ್ಯ. ಪೂರ್ವಕ್ಕೆ ಒಂದು ಡಿಗ್ರಿ ಸರಿದರೆ ಸೂರ್ಯ ನಾಲ್ಕು ನಿಮಿಷ ಮೊದಲೇ ಮುಳುಗುತ್ತಾನೆ. ಮೈಸೂರಿಗಿಂತ ನಾವು ಸುಮಾರು 12 ಡಿಗ್ರಿ ಪೂರ್ವದಲ್ಲಿದ್ದೇವೆ, ಅಲ್ಲಿಗೇ ಮುಕ್ಕಾಲು ಗಂಟೆ ಆಯಿತು. ಉತ್ತರಕ್ಕೂ ಇರುವುದರಿಂದ ನಮ್ಮ ಚಳಿಗಾಲದ ಹಗಲು ಇನ್ನೂ ಗಿಡ್ಡ. ಡಿಸೆಂಬರ್ ಮೊದಲಲ್ಲಿ ಮೈಸೂರಿನಲ್ಲಿ ಸೂರ್ಯ ಮುಳುಗುವಾಗ ಆರಕ್ಕೆ ಐದಾರು ನಿಮಿಷ ಇರುತ್ತದೆ, ಇಲ್ಲಿ ಐದು ಗಂಟೆಗೆ ಮೊದಲೇ ಮುಳುಗಿರುತ್ತಾನೆ. ಅಲ್ಲಿಯ ನಿಮ್ಮ ಸೋದರಸಂಬಂಧಿಗಳು ಬೆಳಕಿರುವಾಗಲೇ ಮನೆ ಸೇರುವ ಹೊತ್ತಿಗೆ ನೀವು ಕತ್ತಲಲ್ಲಿ, ಮಂಜು ಹೊಗೆಗಳ ನಡುವೆ ಬರುತ್ತಿರುತ್ತೀರಿ.

ಆದ್ದರಿಂದ ನಾಲ್ಕು ಮಾತು ಗಮನಿಸಿ.

ಒಂದು, ವಿದೇಶದಿಂದ ಬಂದ ದೀಪವನ್ನು ಕಣ್ಣು ಮುಚ್ಚಿ ಹಾಕಬೇಡಿ. ಅಮೆರಿಕದವರು ರಸ್ತೆಯ ಬಲಕ್ಕೆ ಓಡಿಸುವವರು, ಅವರ ಹೆಡ್‌ಲೈಟಿನ ಬೆಳಕು ಬಲಕ್ಕೆ ವಾಲಿರುತ್ತದೆ. ಇಲ್ಲಿ ಅದು ಎದುರಿನವರ ಕಣ್ಣಿಗೆ ನೇರ ಹೊಡೆಯುತ್ತದೆ.

ಎರಡು, ಹೆಚ್ಚಿನ ದೀಪ ಬೇಕೇ ಬೇಕೆಂದರೆ ಬಲ್ಲ ಮೆಕ್ಯಾನಿಕ್ ಕೈಯಲ್ಲಿ, ಪ್ರತ್ಯೇಕ ಫ್ಯೂಸ್, ರಿಲೇ ಹಾಕಿಸಿ, ಬೆಸುಗೆ ಹಾಕಿಸಿ ಜೋಡಿಸಿಕೊಳ್ಳಿ. ಹೊಸೆದು ಟೇಪ್ ಸುತ್ತುವುದು ಬೇಡ.

ಮೂರು, ಬ್ರೇಕ್ ಒತ್ತಿ ಇಂಡಿಕೇಟರ್ ಹಾಕಿದಾಗ ಹಿಂದಿನ ದೀಪವೂ ಅದರ ಜೊತೆ ಕುಣಿದರೆ ಮೊದಲು ಅರ್ಥ್ ನೋಡಿಸಿ. ಬಲ್ಬ್ ಬದಲಾಯಿಸುವುದು ಆಮೇಲೆ.

ನಾಲ್ಕು, ವಾರಕ್ಕೊಮ್ಮೆ ಗಾಡಿಯನ್ನು ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ. ಸಂಜೆ ಹೊತ್ತು ಕೆಂಪು ಬೆಳಕು ಗೋಡೆಯ ಮೇಲೆ ಬೀಳುತ್ತದೆ, ಒಬ್ಬರೇ ಇದ್ದರೂ ಕುತ್ತಿಗೆ ತಿರುಗಿಸಿ ನೋಡಬಹುದು.

ಮಗನ ಕೈ ಈಗ ಸರಿಹೋಗಿದೆ. ಮೆಕ್ಯಾನಿಕ್ ಹಳೆಯ ಗಂಟನ್ನೆಲ್ಲ ಕತ್ತರಿಸಿ ವೈರಿಂಗನ್ನು ಮೊದಲಿನಂತೆ ಮಾಡಿಕೊಟ್ಟ. ಇಂಡಿಕೇಟರುಗಳು ನಮ್ಮ ದೇಶದ ಪದ್ಧತಿಯಂತೆ ಸುಮ್ಮನಿದ್ದು, ಬೇಕಾದಾಗ ಮಿಣುಕುತ್ತವೆ. ಬೆಳಿಗ್ಗೆ ಅವನು ಹೊರಡುವಾಗ ನಾನು ಗೇಟಿನ ಬಳಿ ಗಾಡಿಯ ಹಿಂದೆ ನಿಲ್ಲುತ್ತೇನೆ.

"ಉರೀತಿದೆಯಾಮ್ಮಾ?"

"ಉರೀತಿದೆ. ಬ್ರೇಕ್ ಒತ್ತು... ಹ್ಞಾಂ, ಸರಿಯಾಗಿದೆ, ಹೋಗಿ ಬಾ."

ನಿಮ್ಮ ಮನೆಯಲ್ಲೂ ಅಮ್ಮನನ್ನೋ ಅಪ್ಪನನ್ನೋ ಒಮ್ಮೆ ಹಿಂದೆ ನಿಲ್ಲಿಸಿ ಕೇಳಿ. ಅರ್ಧ ನಿಮಿಷದ ಕೆಲಸ.